ಸೈಸ್‌ಗಳಿಗೆ ವಾರಕ್ಕೊಂದು ಪೂರ್ತಿ ರಜೆ: ನಮ್ಮ ಲಾಯದಲ್ಲಿ ಆಗಿದ್ದು ಹೀಗೆ

ಸುಮಾರು ಎರಡು ವರ್ಷದಿಂದ ನಮ್ಮ ಲಾಯದ ಪ್ರತಿಯೊಬ್ಬ ಸೈಸ್‌ಗೂ, ಅಂದರೆ ಕುದುರೆ ನೋಡಿಕೊಳ್ಳುವವನಿಗೂ, ವಾರದಲ್ಲಿ ಒಂದು ಪೂರ್ತಿ ದಿನ ರಜೆ ಸಿಗುತ್ತಿದೆ. ಬೆಳಿಗ್ಗೆ ಮೇವು ಹಾಕಿ ಹೋಗಿ ಸಂಜೆ ಮತ್ತೆ ಬರುವ ರಜೆ ಅಲ್ಲ ಇದು. ಆ ದಿನ ಅವನು ಲಾಯದ ಕಡೆ ತಲೆ ಹಾಕುವ ಹಾಗಿಲ್ಲ. ಸಂಬಳದಲ್ಲಿ ಕಡಿತವೂ ಇಲ್ಲ. ಇದು ಆಗದ ಕೆಲಸ ಎಂದು ಮಾಲೀಕರು ಹೇಳಿದ್ದರು, ಟ್ರೇನರ್ ಹೇಳಿದ್ದರು. ಮೂವತ್ತು ವರ್ಷ ಕುದುರೆಗಳ ಜೊತೆಗೇ ಬದುಕಿದ ನಮ್ಮ ಹಿರಿಯ ಸೈಸ್ ಕೂಡ ಅದನ್ನೇ ಹೇಳಿದ್ದರು. ಈಗ ಬೇರೆ ಲಾಯದವರು ಬಂದು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೆಡ್ ಸೈಸ್. ಇಪ್ಪತ್ತರ ಆಸುಪಾಸು ಕುದುರೆ, ಆರು ಜನ ಸೈಸ್‌ಗಳು. ತಲೆಗೆ ಮೂರು, ಕೆಲವರಿಗೆ ನಾಲ್ಕು. ಆಗೆಲ್ಲ ಬೆಳಗಿನ ಜಾವ ನಾಲ್ಕಕ್ಕೆ ಶುರು. ರಾತ್ರಿ ಎಂಟಕ್ಕೆ ಮುಗಿದರೆ ಬೇಗ ಮುಗಿಯಿತು ಎಂದು ಲೆಕ್ಕ. ಈ ಕೆಲಸದಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಮೂವತ್ತೈದಕ್ಕೇ ಸೊಂಟ ಹೋಗಿರುತ್ತದೆ. ಹುಲ್ಲಿನ ಧೂಳಿಗೆ ಕೆಮ್ಮು ಹಿಡಿದಿರುತ್ತದೆ. ಒಬ್ಬನಿಗೆ ಜ್ವರ ಬಂದರೆ ಉಳಿದವರ ಮೇಲೆ ಒಂದೊಂದು ಕುದುರೆ ಬೀಳುತ್ತದೆ. ನಮ್ಮಲ್ಲಿ ಒದೆ ತಿಂದ, ಪಾದ ತುಳಿಸಿಕೊಂಡ ಘಟನೆಗಳಲ್ಲಿ ಹೆಚ್ಚಿನವು ಸಂಜೆ ಹೊತ್ತಿನವು. ಅದು ಸುಮ್ನೆ ಅಲ್ಲ. ಹನ್ನೆರಡು ಗಂಟೆ ದುಡಿದವನ ಕಣ್ಣು ಕುದುರೆ ಸಿಟ್ಟಾಗಿ ಕಿವಿ ಹಿಂದಕ್ಕೆ ಮಡಿಸಿದ್ದನ್ನು ತಡವಾಗಿ ನೋಡುತ್ತದೆ.

ಮೊದಲು ಮಾಡಿದ್ದು ಸರದಿ ಪದ್ಧತಿ. ದಿನಕ್ಕೊಬ್ಬ ರಜೆ, ಅವನ ಕುದುರೆಗಳನ್ನು ಉಳಿದ ಐವರು ಹಂಚಿಕೊಳ್ಳುವುದು. ಕಾಗದದ ಮೇಲೆ ಚೆನ್ನಾಗಿ ಕಂಡಿತು. ನಡೆದಿದ್ದು ಒಂದು ತಿಂಗಳು, ಅಷ್ಟೇ. ಕುದುರೆಗಳು ಕೆಟ್ಟವು. ಒಂದು ಹೆಣ್ಣು ಕುದುರೆ ಹೊಟ್ಟೆಪಟ್ಟಿ ಬಿಗಿಯಲು ಹೋದವರನ್ನೆಲ್ಲ ಕಚ್ಚಲು ಬಂತು. ಒಂದು ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ) ತನ್ನ ಸೈಸ್ ಬಿಟ್ಟು ಬೇರೆಯವರಿಗೆ ಹಿಂಗಾಲು ಎತ್ತಲೇ ಇಲ್ಲ. ಗೊರಸು ಸ್ವಚ್ಛ ಆಗದೆ ಎರಡೇ ವಾರದಲ್ಲಿ ಕೊಳೆತ ವಾಸನೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಒಂದು ಕುದುರೆಯ ಎಡ ಮುಂಗಾಲು ಸ್ವಲ್ಪ ಬೆಚ್ಚಗಿತ್ತು. ಮುಟ್ಟಿದವನಿಗೆ ಅದು ನಿನ್ನೆ ಹೇಗಿತ್ತು ಎಂದು ಗೊತ್ತಿಲ್ಲ. ನಿನ್ನೆ ಮುಟ್ಟಿದವನು ಬೇರೆಯವನು. ಮೂರನೇ ದಿನ ಕುದುರೆ ಕುಂಟಿತು. ಟೆಂಡನ್, ಅಂದರೆ ಕಾಲಿನ ಸ್ನಾಯುರಜ್ಜಿಗೆ ಪೆಟ್ಟು. ವೆಟ್ (ಪಶುವೈದ್ಯ) ಬಿಲ್ಲು, ಸ್ಕ್ಯಾನ್, ತಿಂಗಳುಗಟ್ಟಲೆ ವಿಶ್ರಾಂತಿ. ಬಿಲ್ಲು ಒಬ್ಬ ಸೈಸ್‌ನ ಅರ್ಧ ವರ್ಷದ ಸಂಬಳದ ಹತ್ತಿರ ಹೋಯಿತು. ಮಾಲೀಕರು ಅವತ್ತೇ ಸರದಿ ನಿಲ್ಲಿಸಿದರು.

ಆಮೇಲೆ ಬದಲಿ ಸೈಸ್. ಏಳನೆಯವನನ್ನು ಇಟ್ಟು, ರಜೆ ಇದ್ದವನ ಜಾಗಕ್ಕೆ ಕಳಿಸುವುದು. ಒಂದು ಪೂರ್ತಿ ಸಂಬಳ ಜಾಸ್ತಿ ಖರ್ಚು. ಆ ಹುಡುಗನಿಗೆ ಇಪ್ಪತ್ತು ಕುದುರೆ ಪರಿಚಯ, ಒಂದೂ ತನ್ನದಲ್ಲ. ಎಲ್ಲರೂ ತಮ್ಮ ಕಷ್ಟದ ಕೆಲಸವನ್ನು ಅವನ ದಿನಕ್ಕೆ ಎತ್ತಿಟ್ಟರು. ಒಬ್ಬ ಒದೆ ತಿಂದು ಬಿಟ್ಟ, ಇನ್ನೊಬ್ಬ ಹೇಳದೆ ಹೋದ. ಕೆಲವೇ ತಿಂಗಳಲ್ಲಿ ಮೂವರು ಬದಲಾದರು.

ಗೆದ್ದದ್ದು ಜೋಡಿ ಪದ್ಧತಿ. ಆರು ಜನ, ಮೂರು ಜೋಡಿ, ಜೋಡಿಗೆ ಏಳರ ಹತ್ತಿರ ಕುದುರೆ. ಪ್ರತಿ ಕುದುರೆಗೂ ಒಬ್ಬ ಮೊದಲ ಸೈಸ್, ಒಬ್ಬ ಎರಡನೆಯವನು. ಇಷ್ಟು ಬಹಳ ಕಡೆ ಇದೆ ಎನ್ನುತ್ತೀರಿ, ಅಲ್ವಾ? ಇದೆ. ಆದರೆ ಅಲ್ಲೆಲ್ಲ ಎರಡನೆಯವನು ಮೊದಲನೆಯವನು ಇಲ್ಲದ ದಿನ ಮಾತ್ರ ಬರುತ್ತಾನೆ. ನಮ್ಮಲ್ಲಿ ಎರಡನೆಯವನು ದಿನಾ ಬರುತ್ತಾನೆ. ಸಂಜೆ ನಾಲ್ಕೂ ಕಾಲು ಮುಟ್ಟಿ ನೋಡುವುದು, ಗೊರಸು ತೆಗೆಯುವುದು ಅವನ ಕೆಲಸ. ಕುದುರೆಗೆ ಹತ್ತು ನಿಮಿಷ. ಮೊದಲ ಸೈಸ್ ಆ ಹೊತ್ತಿನಲ್ಲಿ ಕೋಣೆಯೊಳಗೆ ಇರಬಾರದು, ಇದು ಕಟ್ಟುನಿಟ್ಟು. ಹೀಗೆ ಎರಡು ತಿಂಗಳು ನಡೆಸಿದೆ, ಒಬ್ಬರಿಗೂ ರಜೆ ಕೊಡದೆ. ಕುದುರೆಗಳಿಗೆ ಎರಡನೇ ಕೈ ಅಭ್ಯಾಸ ಆದ ಮೇಲೆ ರಜೆ ಶುರು ಮಾಡಿದೆ. ಎಲ್ಲರೂ ಬಿಟ್ಟುಬಿಡುವುದು ಈ ಎರಡು ತಿಂಗಳನ್ನೇ.

ಯಾರನ್ನು ಯಾರ ಜೊತೆ ಜೋಡಿ ಮಾಡಿದೆ, ಯಾವ ಲೆಕ್ಕದಲ್ಲಿ ಎನ್ನುವುದು ನನ್ನ ಹತ್ತಿರವೇ ಇರಲಿ. ಸ್ನೇಹಿತರನ್ನು ಜೋಡಿ ಮಾಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಈಗ ನಿಜವಾದ ಪ್ರಶ್ನೆ. ಜೋಡಿಯಲ್ಲಿ ಒಬ್ಬನಿಗೆ ರಜೆ ಇದ್ದರೆ ಉಳಿದವನ ಮೇಲೆ ಏಳು ಕುದುರೆ. ಮೊದಲಿದ್ದ ಕೆಲಸದ ಕ್ರಮದಲ್ಲಿ ಯಾವ ಮನುಷ್ಯನಿಗೂ ಅದು ಆಗದು. ಹಾಗಾಗಿ ಕೆಲಸವನ್ನೇ ಕಡಿಮೆ ಮಾಡಬೇಕಿತ್ತು, ಕುದುರೆಗೆ ಏನೂ ಕಡಿಮೆ ಮಾಡದೆ.

ಕುದುರೆ ಕೋಣೆಯ ನೆಲದ ಹಾಸಿನಿಂದ ಶುರು ಮಾಡಿದೆ. ಬೆಳಿಗ್ಗೆ ಖರ್ಚಾಗುವ ಹೊತ್ತಿನಲ್ಲಿ ದೊಡ್ಡ ಪಾಲು ಅಲ್ಲೇ ಇದೆ. ಮೊದಲು ದಪ್ಪ ಹಾಸು ಪ್ರಯತ್ನಿಸಿದೆವು. ಲದ್ದಿ ಮಾತ್ರ ಎತ್ತಿ, ಮೇಲೆ ಮೇಲೆ ಹೊಸ ಹಾಸು ಹಾಕುವುದು. ಸಮಯ ಉಳಿಯಿತು, ನಿಜ. ಆದರೆ ನೀವು ಕೋಣೆಯಲ್ಲಿ ಕುಕ್ಕರಗಾಲಲ್ಲಿ ಕೂತು ಉಸಿರು ತೆಗೆದುಕೊಂಡು ನೋಡಿ. ನಿಂತಾಗ ಬರದ ಅಮೋನಿಯಾ ಅಲ್ಲಿ ಕಣ್ಣು ಉರಿಸುತ್ತದೆ. ಮಲಗಿದ ಕುದುರೆಯ ಮೂಗು ಇರುವುದು ಅಲ್ಲೇ. ಎರಡು ಕುದುರೆ ಕೆಮ್ಮಲು ಶುರು ಮಾಡಿದವು. ಕೊನೆಗೆ ಆ ಹಾಸನ್ನೆಲ್ಲ ಅಗೆದು ತೆಗೆಯುವಾಗ ಇಬ್ಬರ ಬೆನ್ನು ಹಿಡಿದುಕೊಂಡಿತು. ಉಳಿದ ಸಮಯವೆಲ್ಲ ಅಲ್ಲಿ ಹೋಯಿತು.

ಆಮೇಲೆ ರಬ್ಬರ್ ಮ್ಯಾಟ್, ಮೇಲೆ ತೆಳ್ಳಗೆ ಮರದ ಸಿಪ್ಪೆ. ಒದ್ದೆ ಜಾಗ ದಿನಾ ತೆಗೆಯುವುದು. ಪೂರ್ತಿ ಖಾಲಿ ಮಾಡುವುದು ವಾರಕ್ಕೊಮ್ಮೆ, ಅದೂ ಜೋಡಿಯ ಇಬ್ಬರೂ ಇರುವ ದಿನ. ಮ್ಯಾಟ್ ದುಬಾರಿ. ಮಾಲೀಕರು ಬೆಲೆ ಕೇಳಿ ಎದ್ದು ಹೋದರು. ಮೊದಲು ನಾಲ್ಕು ಕೋಣೆಗೆ ಮಾತ್ರ ಹಾಕಿಸಿ, ಎಷ್ಟು ಮೂಟೆ ಸಿಪ್ಪೆ ಹೋಗುತ್ತದೆ ಎಂದು ಬರೆದಿಟ್ಟೆ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎಂಟೊಂಬತ್ತು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಬಂತು. ಮುಂದಿನ ಕೋಣೆಗಳಿಗೆ ನಾನು ಕೇಳಲೇ ಇಲ್ಲ, ಅವರೇ ತರಿಸಿದರು.

ಇನ್ನು ಹುಲ್ಲು. ಹುಲ್ಲು ತುಂಬಿ ನೇತುಹಾಕುವ ಸಣ್ಣ ಕಣ್ಣಿನ ಬಲೆಗಳು, ಕಣ್ಣು ಮೂರು ನಾಲ್ಕು ಸೆಂಟಿಮೀಟರಿನವು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಊರುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಹಾಗಿದ್ದ ಮೇಲೆ ರಾತ್ರಿ ಹತ್ತಕ್ಕೆ ಬರಿದಾದ ಬಲೆ ಬೆಳಗಿನ ನಾಲ್ಕರವರೆಗೆ ಹಾಗೇ ನೇತಾಡುವುದರಲ್ಲಿ ಅರ್ಥ ಏನಿದೆ? ಸಣ್ಣ ಕಣ್ಣಿನ ಬಲೆಯಲ್ಲಿ ಬೆಳಗಿನ ಜಾವಕ್ಕೂ ಸ್ವಲ್ಪ ಹುಲ್ಲು ಉಳಿದಿರುತ್ತದೆ. ಹಾಗಾಗಿ ನಾಲ್ಕಕ್ಕೆ ಓಡಿಬಂದು ಮೇವು ಹಾಕುವ ಗಡಿಬಿಡಿ ತಪ್ಪಿತು. ನಾವೀಗ ಐದೂವರೆಗೆ ಶುರು ಮಾಡುತ್ತೇವೆ. ಬಲೆ ತುಂಬುವುದು ಮಧ್ಯಾಹ್ನ, ಇಬ್ಬರೂ ಕೂತು, ತೂಕ ಮಾಡಿ, ಮರುದಿನದ್ದೂ ಸೇರಿಸಿ. 500 ಕಿಲೋ ಕುದುರೆಗೆ ಒಣ ಲೆಕ್ಕದಲ್ಲಿ, ಅಂದರೆ ನೀರಿನಂಶ ಬಿಟ್ಟು, ಏಳೂವರೆ ಕಿಲೋಗಿಂತ ಕಡಿಮೆ ಹುಲ್ಲು ಕೊಡುವುದಿಲ್ಲ. ಲಾಳ ಇರುವ ಕುದುರೆಗೆ ಬಲೆ ಎತ್ತರಕ್ಕೆ ಕಟ್ಟಿ, ತೆಳು ದಾರದ ಕುಣಿಕೆ ಮೂಲಕ. ಕಾಲು ಸಿಕ್ಕರೆ ದಾರ ಕಿತ್ತುಹೋಗಬೇಕು, ಕಾಲಲ್ಲ.

ಧೂಳು ಕಡಿಮೆ ಆಗಲಿ ಎಂದು ಹುಲ್ಲು ನೆನೆಸಿಯೂ ನೋಡಿದೆ. ರಾತ್ರಿಯೆಲ್ಲ ನೆನೆಸಿದರೆ ಸೆಕೆಗಾಲದಲ್ಲಿ ಹುಳಿ ವಾಸನೆ ಬರುತ್ತದೆ, ಕುದುರೆ ಮೂಸಿ ಬಿಡುತ್ತದೆ. ಧೂಳಿಗೆ ಅರ್ಧ ಗಂಟೆ ಸಾಕು. ಈಗ ಕೆಮ್ಮಿನ ಕುದುರೆಗಳಿಗೆ ಮಾತ್ರ.

ಮೈ ಉಜ್ಜುವುದನ್ನು ಕುದುರೆ ಕೆಲಸ ಮುಗಿಸಿ ಬಂದ ನಂತರಕ್ಕೆ ತಳ್ಳಿದೆ. ಬೆಚ್ಚಗಿರುವ ಮೈಯಿಂದ ಕೊಳೆ ಬೇಗ ಬಿಡುತ್ತದೆ. ಬೆಳಿಗ್ಗೆ ಜೀನು ಕೂರುವ ಜಾಗ, ಗೊರಸು, ಅಷ್ಟೇ. ನೀರು ಹಾಕಿ ತಣಿಸುವ ವಿಚಾರದಲ್ಲಿ ಹಿರಿಯರ ಜೊತೆ ದೊಡ್ಡ ವಾದವೇ ಆಯಿತು. ಬಿಸಿ ಮೈಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿಯುತ್ತದೆ ಎಂಬ ನಂಬಿಕೆ ಹಳೆಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ತಣ್ಣೀರಿನಿಂದ ಕೆಡುಕಾಗುವುದಿಲ್ಲ, ಬೇಗ ತಣಿಯುತ್ತದೆ. ಮಧ್ಯೆ ನಿಲ್ಲಿಸಿ ನೀರು ಕೆರೆದು ತೆಗೆಯುವುದನ್ನೂ ಬಿಟ್ಟೆವು. ಸುಮ್ನೆ ಸುರಿಯುತ್ತಲೇ ಇರುವುದು. ಗಂಟೆಗಟ್ಟಲೆ ಹಿಡಿದು ನಡೆಸುವುದು ತಪ್ಪಿತು.

ಮೈ ಧೂಳು ಎಳೆಯುವ ಮೆಷಿನ್ ಕೂಡ ತರಿಸಿದ್ದೆ. ಅರ್ಧ ಕುದುರೆ ಒಪ್ಪಿದವು, ಅರ್ಧ ಸದ್ದಿಗೇ ಹಾರಿದವು. ಒಂದು ಋತು ಮುಗಿಯುವ ಮೊದಲೇ ಮೋಟರ್ ಹೋಯಿತು. ಮತ್ತೆ ತರಿಸಲಿಲ್ಲ.

ಇಷ್ಟರ ಜೊತೆಗೆ ಬೋರ್ಡು. ಪ್ರತಿ ಬಾಗಿಲಿಗೆ ಒಂದು ಸಣ್ಣ ಕಪ್ಪು ಹಲಗೆ. ನಮ್ಮಲ್ಲಿ ಇಬ್ಬರಿಗೆ ಓದು ಬರಹ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ನಾಲ್ಕು ಕಾಲಿನ ಚಿತ್ರ, ಬಕೆಟ್ಟಿನ ಚಿತ್ರ. ಬೆಚ್ಚಗಿರುವ ಕಾಲಿಗೆ ಕೆಂಪು ಸೀಮೆಸುಣ್ಣ. ಉಳಿದ ಹುಲ್ಲು, ಕುಡಿದ ನೀರು, ಲದ್ದಿ ಎಷ್ಟು ಸಲ. ಮೇಲೆ ಆ ಕುದುರೆಯದ್ದೇ ಆದ ನಾಡಿ ಮತ್ತು ಜ್ವರದ ಲೆಕ್ಕ. ಸುಮ್ಮನಿರುವಾಗ ನಾಡಿ ನಿಮಿಷಕ್ಕೆ 28ರಿಂದ 44 ಎಂಬುದು ಎಲ್ಲರಿಗೂ ಗೊತ್ತು. ಆದರೆ ದಿನಾ 30 ಇರುವ ಕುದುರೆಗೆ ಇವತ್ತು 44 ಬಂದರೆ ಅದು ನನಗೆ ಗೊತ್ತಾಗಬೇಕು. ನೀರಿನ ಲೆಕ್ಕಕ್ಕಾಗಿಯೇ ಕೆಲವು ಕೋಣೆಗಳಲ್ಲಿ ತಾನಾಗೇ ತುಂಬುವ ತೊಟ್ಟಿ ಮುಚ್ಚಿ ಬಕೆಟ್ ಇಟ್ಟೆ. ತೊಟ್ಟಿಯಲ್ಲಿ ಕುಡಿದಿದೆಯೋ ಇಲ್ಲವೋ ಕಾಣುವುದೇ ಇಲ್ಲ. ಪ್ರಯಾಣ ಮಾಡಿ ಬಂದ ಕುದುರೆಗೆ ಇದು ಬಹಳ ಮುಖ್ಯ.

ತಿಂಗಳಿಗೆರಡು ಸಲ ಟೇಪು ಹಿಡಿದು ತೂಕ. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಗುಣಿಸಿ, 11,880ರಿಂದ ಭಾಗಿಸುವುದು, ಎಲ್ಲ ಸೆಂಟಿಮೀಟರಿನಲ್ಲಿ. ಸುತ್ತಳತೆ 180, ಉದ್ದ 165 ಇದ್ದರೆ 450 ಕಿಲೋ. ಕೈ ಬದಲಾದಾಗ ಕುದುರೆ ಕರಗುತ್ತದೆ ಎಂದು ಟ್ರೇನರ್ ಹೇಳುತ್ತಿದ್ದರು. ಆರು ತಿಂಗಳ ಅಳತೆ ಮುಂದಿಟ್ಟೆ. ಒಂದೂ ಕರಗಿರಲಿಲ್ಲ. ಎರಡು ಕುದುರೆ ತುಂಬಿಕೊಂಡಿದ್ದವು.

ದುಡ್ಡಿನ ಜಗಳ ಬಂದದ್ದು ಗೆಲುವಿನ ಪಾಲಿನಲ್ಲಿ. ಕುದುರೆ ಗೆದ್ದಾಗ ಬರುವ ಪಾಲು ಯಾರಿಗೆ? ಇಡೀ ವಾರ ನೋಡಿದ ಮೊದಲನೆಯವನಿಗಾ, ದಿನಾ ಸಂಜೆ ಕಾಲು ನೋಡಿದವನಿಗಾ? ಒಂದು ಜೋಡಿ ಇದರ ಮೇಲೆ ಮಾತು ಬಿಟ್ಟಿತು. ಕೊನೆಗೆ ಮೂರು ಪಾಲು ಮಾಡಿದೆ. ಎರಡು ಮೊದಲನೆಯವನಿಗೆ, ಒಂದು ಎರಡನೆಯವನಿಗೆ. ಯಾರು ರಜೆಯಲ್ಲಿದ್ದರು ಎನ್ನುವುದು ಲೆಕ್ಕಕ್ಕಿಲ್ಲ. ಒಬ್ಬರ ಕುದುರೆ ಗೆಲ್ಲುವುದು ಇನ್ನೊಬ್ಬರಿಗೂ ಬೇಕಾಯಿತು. ಬೆಚ್ಚಗಿರುವ ಕಾಲು ಮುಚ್ಚಿಡುವುದು ಅವತ್ತಿಗೆ ನಿಂತಿತು. ರಜೆಯ ದಿನದ ಸಂಬಳ ಹಿಡಿಯಲು ಮಾಲೀಕರು ಕೇಳಿದಾಗ ನಾನು ಒಂದೇ ಲೆಕ್ಕ ಕೊಟ್ಟೆ: ಹೊಸ ಸೈಸ್ ಬಂದರೆ ಕುದುರೆಗಳನ್ನು ಅರಿಯಲು ಎರಡು ಮೂರು ತಿಂಗಳು ಬೇಕು, ಅಷ್ಟು ಸಂಬಳ ಪ್ರತಿ ಸಲ ನೀರಿಗೆ. ಮೊದಲು ವರ್ಷಕ್ಕೆ ಮೂವರು ನಾಲ್ವರು ಬಿಟ್ಟುಹೋಗುತ್ತಿದ್ದರು. ಈ ಎರಡು ವರ್ಷದಲ್ಲಿ ಬಿಟ್ಟವನು ಒಬ್ಬನೇ. ರಾತ್ರಿ ಹೊಟ್ಟೆನೋವಿಗೆ ವೆಟ್ ಕರೆಸುವುದೂ ತಿಂಗಳಿಗೊಮ್ಮೆ ಇದ್ದದ್ದು ವರ್ಷಕ್ಕೆ ಎರಡು ಮೂರಕ್ಕೆ ಇಳಿದಿದೆ. ಅದರಲ್ಲಿ ಬಲೆಯ ಪಾಲು ದೊಡ್ಡದು ಎಂದು ನನ್ನ ನಂಬಿಕೆ.

ಹಿರಿಯ ಸೈಸ್ ಒಪ್ಪುವುದು ಎಲ್ಲರಿಗಿಂತ ತಡವಾಯಿತು. ಅವರಿಗೆ 1973ರಲ್ಲಿ ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆ ಅಲ್ಲಿನ ಮೂರೂ ದೊಡ್ಡ ರೇಸ್ ಗೆದ್ದ ಕಥೆ ಬಾಯಿಪಾಠ. ಆ ಕುದುರೆಯನ್ನು ನೋಡಿಕೊಂಡ ಸೈಸ್ ಎಡ್ಡಿ ಸ್ವೆಟ್ ಅವರ ಹೆಸರು ದಿನಕ್ಕೊಮ್ಮೆ ಬರುತ್ತದೆ. “ಅವರು ಹೀಗೆ ವಾರಕ್ಕೊಮ್ಮೆ ಕುದುರೆ ಬಿಟ್ಟು ಹೋಗ್ತಿದ್ರೇನಪ್ಪಾ?” ಎಂದು ಕೇಳಿದರು. “ನಿಮಗೆ ಜ್ವರ ಬಂದಾಗ ನಿಮ್ಮ ಕುದುರೆ ಎರಡು ದಿನ ಮೇವು ಬಿಟ್ಟಿತ್ತಲ್ಲ, ಅದು ನಿಮಗೆ ಇಷ್ಟವಾ?” ಎಂದೆ. ಉತ್ತರ ಕೊಡಲಿಲ್ಲ. ಕೆಲವು ವಾರ ರಜೆಯ ದಿನವೂ ಬಂದು ಗೇಟಿನ ಹೊರಗೆ ನಿಂತಿದ್ದರು. ನಾನು ಒಳಗೆ ಬಿಡಲಿಲ್ಲ. ಅವರ ಕುದುರೆ ಎರಡನೆಯವನ ಕೈಯಲ್ಲಿ ಬಕೆಟ್ ಖಾಲಿ ಮಾಡಿದ್ದನ್ನು ಬೋರ್ಡಿನಲ್ಲಿ ನೋಡಿದ ಮೇಲೆ ಬರುವುದು ನಿಂತಿತು. ಈಗ ರಜೆ ತಪ್ಪಿದರೆ ಮೊದಲು ಕೇಳುವವರು ಅವರೇ.

ಕಚ್ಚಲು ಬರುತ್ತಿದ್ದ ಆ ಹೆಣ್ಣು ಕುದುರೆಯನ್ನು ಹೇಗೆ ಸರಿ ಮಾಡಿದೆ ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಈಗ ಇನ್ನೊಂದು ಪ್ರಯೋಗ ನಡೆದಿದೆ. ಕುದುರೆ ನಿಂತು ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಮಲಗಲೇ ಬೇಕು. ರಾತ್ರಿ ಹನ್ನೊಂದರಿಂದ ಮೂರರವರೆಗೆ ದೀಪ ಇಲ್ಲ, ಸಾಲಿನಲ್ಲಿ ಓಡಾಟ ಇಲ್ಲ, ಕಾವಲಿನವನು ಹೊರಗಿನಿಂದಲೇ ಕಿವಿಗೊಡಬೇಕು. ಬೆಳಿಗ್ಗೆ ಬಾಲದಲ್ಲಿ, ಪಕ್ಕೆಯಲ್ಲಿ ಮರದ ಸಿಪ್ಪೆ ಅಂಟಿದೆಯೇ ನೋಡಿ ಬೋರ್ಡಿನಲ್ಲಿ ಗುರುತು ಹಾಕುತ್ತೇವೆ. ಮೊದಲಿಗಿಂತ ಜಾಸ್ತಿ ಕುದುರೆ ಮಲಗುತ್ತಿವೆ. ರಾತ್ರಿ ಕಾವಲಿನವನಿಗೂ ಕೆಲಸ ಹಗುರ.

ಪ್ರಯಾಣದ ದಿನಗಳು ಮಾತ್ರ ಇನ್ನೂ ಕೂಡಿಬಂದಿಲ್ಲ. ಇಬ್ಬರು ಕುದುರೆಗಳ ಜೊತೆ ಲಾರಿಯಲ್ಲಿ ಹೋದರೆ ಇಲ್ಲಿ ನಾಲ್ವರೇ ಉಳಿಯುತ್ತಾರೆ, ಆ ವಾರ ರಜೆಗಳು ಮುಂದಕ್ಕೆ ಹೋಗುತ್ತವೆ. ಜೋಡಿಯಲ್ಲಿ ಒಬ್ಬನನ್ನು ಮಾತ್ರ ಕಳಿಸಿ, ವಾಪಸ್ ಬಂದ ಮರುದಿನವೇ ಅವನಿಗೆ ರಜೆ ಕೊಡುವ ಲೆಕ್ಕ ಹಾಕಿದ್ದೇನೆ. ಮಾಲೀಕರು ಒಪ್ಪಿದ್ದಾರೆ. ಟ್ರೇನರ್ ಇನ್ನೂ ಒಪ್ಪಿಲ್ಲ.