ಮೂರು ದಿನ ಜ್ಯೂಸ್ ಮಾತ್ರ ಕುಡಿದೆ, ಅಸಿಡಿಟಿ ಏನಾಯಿತು?

ನಾನು ತುಮಕೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಹುಳಿತೇಗು, ಎದೆಯುರಿ ನನಗೆ ಹಳೇ ಕಾಟ. ಸಂಜೆ ಕಾಫಿ ಕುಡಿದರೆ ಮಲಗುವ ಹೊತ್ತಿಗೆ ಗಂಟಲ ತನಕ ಉರಿ. "ಮೂರು ದಿನ ಬರೀ ಜ್ಯೂಸ್ ಕುಡೀರಿ ಮೇಡಂ, ಮೈಯಲ್ಲಿರೋ ಆಸಿಡ್ ಎಲ್ಲ ಹೋಗಿ ರಕ್ತ ಕ್ಷಾರ ಆಗುತ್ತೆ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದರು. ದಸರಾ ರಜೆಯಲ್ಲಿ ಮಾಡಿಯೇ ನೋಡಿದೆ. ಆಮ್ಲವೋ ಕ್ಷಾರವೋ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪೇಪರನ್ನೂ ತಂದಿಟ್ಟುಕೊಂಡೆ. ಪಿಎಚ್ 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.

ಮೊದಲ ದಿನ ಬೆಳಗ್ಗೆ ಖಾಲಿ ಹೊಟ್ಟೆಗೆ ನಿಂಬೆರಸ, ಮಧ್ಯಾಹ್ನ ಮೋಸಂಬಿ, ಸಂಜೆ ಟೊಮೆಟೊ. ಅಂದು ರಾತ್ರಿ ಎದೆಯೊಳಗೆ ಖಾರ ಅರೆದಿಟ್ಟ ಹಾಗಾಗಿ, ಎರಡು ದಿಂಬು ಒರಗಿಸಿಕೊಂಡು ಕೂತೇ ಇದ್ದೆ. ನಿಂಬೆರಸದ ಪಿಎಚ್ ಸುಮಾರು 2. ಅದನ್ನು ಖಾಲಿ ಹೊಟ್ಟೆಗೆ ಸುರಿದರೆ ಇನ್ನೇನಾಗುತ್ತದೆ ಅಲ್ವಾ? ಮರುದಿನದಿಂದ ಹುಳಿ ಬಿಟ್ಟು ಬೂದುಗುಂಬಳಕಾಯಿ, ಸೌತೆ, ಕ್ಯಾರೆಟ್ ರಸ, ಎಳನೀರು. ಉರಿ ನಿಂತಿತು.

ಇನ್ನು ಪೇಪರ್. ಶುರು ಮಾಡುವ ದಿನ ಬೆಳಗಿನ ಮೂತ್ರಕ್ಕೆ ಅದ್ದಿದಾಗ ಹಳದಿ, 6ರ ಹತ್ತಿರ. ಮೂರನೇ ದಿನ ಸಂಜೆ ಹಸಿರು, 7 ದಾಟಿತ್ತು. ತುಂಬಾ ಖುಷಿಯಾಯಿತು. ಆದರೆ ಬದಲಾಗಿದ್ದು ಮೂತ್ರ, ರಕ್ತವಲ್ಲ. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರಬೇಕು. ಶ್ವಾಸಕೋಶ ಇಂಗಾಲದ ಡೈಆಕ್ಸೈಡ್ ಹೊರಹಾಕಿ, ಕಿಡ್ನಿ ಉಳಿದ ಆಮ್ಲ, ಕ್ಷಾರವನ್ನು ಮೂತ್ರಕ್ಕೆ ತಳ್ಳಿ ಅದನ್ನು ಕಾಯುತ್ತವೆ. ಹಣ್ಣು ತರಕಾರಿಯಲ್ಲಿರುವ ಸಿಟ್ರೇಟ್ ಎಂಬ ಲವಣ ದೇಹದೊಳಗೆ ಬೈಕಾರ್ಬನೇಟ್ ಎಂಬ ಕ್ಷಾರ ಆಗುತ್ತದೆ, ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗುತ್ತದೆ. ಆ ಹಸಿರು ಬಣ್ಣ ಬಂದಿದ್ದು ಅದರಿಂದ. ಬರೀ ನೀರು ಕುಡಿದು ಉಪವಾಸ ಮಾಡಿದ್ದರೆ ಕೊಬ್ಬು ಕರಗಿ ಕೀಟೋನ್ ಎಂಬ ಹುಳಿ ಪದಾರ್ಥ ಬಂದು ಮೂತ್ರ ಇನ್ನೂ ಹುಳಿಯಾಗುತ್ತಿತ್ತು. ಜಠರದ ಆಮ್ಲ ಇದಕ್ಕೆಲ್ಲ ಸಂಬಂಧವೇ ಇಲ್ಲದ ಹಾಗೆ ತನ್ನ ಪಾಡಿಗೆ ಊರುತ್ತಲೇ ಇರುತ್ತದೆ.

ಹಾಗಾದರೆ ಉರಿ ಯಾಕೆ ನಿಂತಿತು? ಆ ದಿನಗಳಲ್ಲಿ ಕಾಫಿ ಇಲ್ಲ, ಎಣ್ಣೆಯಲ್ಲಿ ಕರಿದಿದ್ದು ಇಲ್ಲ, ಸಂಜೆ ಏಳರ ಮೇಲೆ ಹೊಟ್ಟೆಗೆ ಏನೂ ಇಲ್ಲ. ನನ್ನ ಮಟ್ಟಿಗೆ ಕಾರಣ ಅದೇ.

ಅತ್ತೆಯವರು ನಾನೂ ಮಾಡ್ತೀನಿ ಅಂದರು. ಅವರಿಗೆ ಶುಗರ್ ಇದೆ, ಬೇಡವೇ ಬೇಡ ಅಂದೆ. ಕಿಡ್ನಿ ತೊಂದರೆ ಇರುವವರೂ ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ, ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ.

ನಾಲ್ಕನೇ ದಿನ ತೆಳ್ಳಗೆ ರಾಗಿ ಅಂಬಲಿ ಕುಡಿದು ಉಪವಾಸ ಬಿಟ್ಟೆ. ಜ್ಯೂಸ್ ಉಪವಾಸ ಮತ್ತೆ ಮಾಡಿಲ್ಲ. ಸಂಜೆ ಕಾಫಿ ಬಿಟ್ಟಿದ್ದೇನೆ, ರಾತ್ರಿ ಮುದ್ದೆ ಏಳೂವರೆಗೆಲ್ಲ ಮುಗಿಯುತ್ತದೆ. ಹೋದ ತಿಂಗಳು ಮದುವೆಮನೆಯಲ್ಲಿ ಹತ್ತೂವರೆಗೆ ಊಟ ಮಾಡಿದ ದಿನ ಮಾತ್ರ ಮತ್ತೆ ಉರಿ ಬಂತು.