ಹಳೇ ಹೋಟೆಲ್, ಹೊಸ ಗೆರೆ: ಗೋಡೆ ಮುಟ್ಟದೇ ಮಾಡಿದ ಇಂಟೀರಿಯರ್

ಹಳೇ ಕಟ್ಟಡದೊಳಗೆ ಮಾಡರ್ನಿಸ್ಟ್ ಇಂಟೀರಿಯರ್, ಅಂದ್ರೆ ಅಲಂಕಾರ ಇಲ್ಲದ ನೇರ ಗೆರೆಯ ಒಳಾಂಗಣ ಅಂದ್ರೆ, ಬಿಳಿ ಬಣ್ಣ ಬಳಿದು ನಾಲ್ಕು ಸ್ಟೀಲ್ ಪೈಪ್ ಕುರ್ಚಿ ಇಟ್ರೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಾನು ಮಾಡಿದ ಹೋಟೆಲ್ ಕೆಲಸದಲ್ಲಿ ತಲೆನೋವು ಇದ್ದಿದ್ದೇ ಬೇರೆ. ಅಲ್ಲಿ ಒಂದು ಗೋಡೆನೂ ನೆಟ್ಟಗಿರ್ಲಿಲ್ಲ, ನೇರ ಬೆಳಕಿನ ಗೆರೆ ಹಾಕೋ ಲೇಸರ್ ಲೆವೆಲ್ ಇಟ್ರೆ ಮೇಲಿಂದ ಕೆಳಗೆ ಎರಡಿಂಚು ವಾಲಿರೋದು, ಮೂಲೆಗಳ ಕಥೆ ಕೇಳ್ಲೇಬೇಡಿ. ಅಂಥ ಗೋಡೆಗೆ ನೇರ ಗೆರೆಯ ವಾರ್ಡ್‌ರೋಬ್ ಒರಗಿಸಿದ್ರೆ ಎರಡರಲ್ಲಿ ಒಂದು ಸೊಟ್ಟ ಅಂತ ಕಣ್ಣಿಗೆ ಹೊಡೆಯತ್ತೆ.

ಪ್ಲಾಸ್ಟರ್ ಮೆತ್ತಿ ನೆಟ್ಟಗೆ ಮಾಡಿಸಿ ಅಂದ್ರು ಮಾಲೀಕರು. ನಾನು ಒಪ್ಲಿಲ್ಲ. ಸುಣ್ಣದ ಗಾರೆಯ ಗೋಡೆ ಮೇಲೆ ಸಿಮೆಂಟ್ ಮೆತ್ತಿದ್ರೆ ಒಳಗಿನ ತೇವ ಹೊರಗೆ ಬರೋಕಾಗ್ದೆ ಇಟ್ಟಿಗೆಯನ್ನೇ ತಿನ್ನತ್ತೆ. ಅದಕ್ಕೇ ಹಿಂದೆ ಯಾರೋ ಹಾಕಿದ್ದ ಸಿಮೆಂಟನ್ನೂ ಕೀಳಿಸಿ, ಮತ್ತೆ ಸುಣ್ಣದ್ದೇ ಹಾಕ್ಸಿ, ಉಬ್ಬುತಗ್ಗು ಹಾಗೇ ಬಿಟ್ವಿ. ಹೊಸದಾಗಿ ಬರೋ ಪ್ರತಿಯೊಂದನ್ನೂ ಗೋಡೆಯಿಂದ ಒಂದಿಷ್ಟು ದೂರ ನಿಲ್ಸಿದ್ವಿ. ಇದು ನನ್ನ ಐಡಿಯಾ ಏನಲ್ಲ, ಇಟಲಿಯ ವೆರೋನಾದಲ್ಲಿ ಹಳೇ ಕೋಟೆಯೊಳಗಿರೋ ಕಾಸ್ಟೆಲ್‌ವೆಕ್ಕಿಯೋ ಮ್ಯೂಸಿಯಂನಲ್ಲಿ ವಾಸ್ತುಶಿಲ್ಪಿ ಕಾರ್ಲೋ ಸ್ಕಾರ್ಪಾ ಹೊಸ ನೆಲವನ್ನ ಹಳೇ ಗೋಡೆಗೆ ತಾಗಿಸದೆ ಅಂಚಲ್ಲಿ ಸಣ್ಣ ಸಂದು ಬಿಟ್ಟಿದ್ದಾರೆ. ಹಳೇ ಸ್ಮಾರಕಗಳನ್ನ ಉಳಿಸೋದರ ಬಗ್ಗೆ ಇರೋ ಅಂತರರಾಷ್ಟ್ರೀಯ ಸೂತ್ರ, 1964ರ ವೆನಿಸ್ ಚಾರ್ಟರ್ ಕೂಡ ಹೊಸದಾಗಿ ಸೇರಿಸಿದ್ದು ಹಳೇದರಿಂದ ಬೇರೆ ಅಂತ ಗೊತ್ತಾಗ್ಬೇಕು, ಈ ಕಾಲದ ಗುರುತು ಅದರ ಮೇಲಿರ್ಬೇಕು ಅನ್ನತ್ತೆ.

ಬಾತ್‌ರೂಮೇ ದೊಡ್ಡ ಪಂದ್ಯ. ಹಿಂದಿನ ಕಾಲದ ಹೋಟೆಲಲ್ಲಿ ಅದು ಕಾರಿಡಾರ್ ಕೊನೇಲಿ ಎಲ್ಲರಿಗೂ ಒಂದೇ, ಈಗ ರೂಮಿಗೊಂದು ಬೇಕು. ಮರದ ತೊಲೆ ಕೊರೆಯೋ ಹಾಗಿಲ್ಲ, ಪೈಪಿಗೆ ಇಳಿಜಾರು ಬೇಕೇಬೇಕು, ನಾವು ಹಿಡಿದಿದ್ದು 1:40, ಅಂದ್ರೆ ಮೀಟರಿಗೆ 25 ಮಿ.ಮೀ. ಹಾಗಾಗಿ ಕಮೋಡನ್ನ ಪೈಪ್‌ಗಳು ಕೆಳಗಿಳಿಯೋ ಶಾಫ್ಟ್ ಪಕ್ಕಕ್ಕೇ ತಂದು, ಪೈಪ್ ಹಾಯೋಕೆ ಅಂತ ಒಂದು ಮೆಟ್ಟಿಲಷ್ಟು ಎತ್ತರದ ಪ್ಲಾಟ್‌ಫಾರ್ಮ್ ಮಾಡಿ ಅದರ ಮೇಲೆ ಇಡೀ ಬಾತ್‌ರೂಮನ್ನ ಓಕ್ ಹೊದಿಕೆಯ ಪೆಟ್ಟಿಗೆ ಥರ ರೂಮಿನ ಮಧ್ಯೆ ನಿಲ್ಸಿದ್ವಿ. ಅದು ಸೀಲಿಂಗ್ ತನಕ ಹೋಗಲ್ಲ, ಮೇಲಿನ ಹಳೇ ಪ್ಲಾಸ್ಟರ್ ಹೂಬಳ್ಳಿ ಒಂದು ಗೋಡೆಯಿಂದ ಇನ್ನೊಂದು ಗೋಡೆವರೆಗೂ ಪೂರ್ತಿ ಕಾಣತ್ತೆ. ಪೆಟ್ಟಿಗೆಗೆ ಮುಚ್ಚಳ ಮಾತ್ರ ಇರ್ಲೇಬೇಕು, ಇಲ್ಲಾಂದ್ರೆ ಹಬೆಯೆಲ್ಲಾ ಆ ಹೂಬಳ್ಳಿಗೇ ಹೋಗಿ ಬಡಿಯತ್ತೆ. ಎಕ್ಸಾಸ್ಟ್ ಡಕ್ಟನ್ನ ಯಾವತ್ತೋ ಬಂದಾಗಿದ್ದ ಫೈರ್‌ಪ್ಲೇಸಿನ ಚಿಮಣಿ ಒಳಗಿಂದ ಮೇಲಕ್ಕೆ ತಗೊಂಡ್ವಿ, ಹೊಸ ತೂತು ಕೊರೆಯೋದು ತಪ್ತು.

ಲೈಟ್ ವಿಷ್ಯದಲ್ಲಿ ಹುಷಾರು. ಗೋಡೆಗೂ ಹೊಸ ಸಾಮಾನಿಗೂ ನಡುವಿನ ಸಂದಿನೊಳಗೆ ಎಲ್‌ಇಡಿ ಸ್ಟ್ರಿಪ್ ಕೂರಿಸೋ ಆಸೆ ಎಲ್ಲರಿಗೂ ಬರತ್ತೆ, ಆದ್ರೆ ಗೋಡೆ ಸವರ್ಕೊಂಡು ಹೋಗೋ ಬೆಳಕು ಒಂದೊಂದು ಉಬ್ಬನ್ನೂ ಹತ್ತು ಪಟ್ಟು ಮಾಡಿ ತೋರ್ಸತ್ತೆ. ನಾವು ಸ್ಟ್ರಿಪ್ಪನ್ನ ಪೆಟ್ಟಿಗೆಯ ತಲೆ ಮೇಲಿಟ್ಟು ಸೀಲಿಂಗ್ ಕಡೆಗೆ ತಿರುಗಿಸಿದ್ವಿ, 2700 ಕೆಲ್ವಿನ್, ಅಂದ್ರೆ ಹಳದಿ ಛಾಯೆಯ ಬೆಚ್ಚಗಿನ ಬೆಳಕು.

ಕುರ್ಚಿ ಕೊನೇಗೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕಬ್ಸನ್ ಕೋಪನ್‌ಹೇಗನ್ನಿನ ಎಸ್‌ಎಎಸ್ ರಾಯಲ್ ಹೋಟೆಲಿಗೆ ಅಂತಲೇ ಮಾಡಿದ, ಮೊಟ್ಟೆ ಆಕಾರದ ಎಗ್ ಚೇರ್ ಪ್ರತಿ ರೂಮಲ್ಲೂ ಬೇಕು ಅಂತ ಮಾಲೀಕರ ಹಠ. ಲಾಬಿಯಲ್ಲಿ ಎರಡು ಸಾಕು ಅಂತ ಒಪ್ಪಿಸಿದೆ. ರೂಮಲ್ಲಿ ಕಿಟಕಿ ಕೆಳಗೆ ಉದ್ದದ ಓಕ್ ಬೆಂಚ್ ಹಾಕಿದ್ವಿ, ಅದನ್ನೂ ಗೋಡೆಗೆ ತಾಗಿಸಿಲ್ಲ.