ಗುಳಿಗೆ ಶುರು ಮಾಡುವ ಮೊದಲು ಬಿಪಿ ನೋಡಿಸಿ

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ, ಗರ್ಭ ತಡೆಯುವ ಮಾಲಾ-ಎನ್ ಸ್ಟ್ರಿಪ್‌ನಲ್ಲಿ 28 ಗುಳಿಗೆ. ಅದರಲ್ಲಿ 7 ಬರೀ ಕಬ್ಬಿಣಾಂಶದವು. ಉಳಿದ 21ರಲ್ಲಿ ತಲಾ 0.15 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್, 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಎಂಬ ಹಾರ್ಮೋನುಗಳು; ಎರಡನೆಯದು ಎಸ್ಟ್ರೊಜೆನ್ ಬಗೆಯದು. ಗುಳಿಗೆಯಿಂದ ಹೃದಯಕ್ಕೆ ಆಗಬಹುದಾದ ತಕರಾರು ಮುಖ್ಯವಾಗಿ ಈ ಎಸ್ಟ್ರೊಜೆನ್‌ದು. ಅದರಿಂದ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚು ತಯಾರಿಸುತ್ತದೆ. ಕೆಲವರಿಗೆ ಬಿಪಿಯೂ ಏರುತ್ತದೆ.

ಹಾಗಂತ ಗಾಬರಿ ಬೇಡ. ಡೆನ್ಮಾರ್ಕಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15ರಿಂದ 49ರ ವಯಸ್ಸಿನ ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ ಹೃದಯಾಘಾತವಾದದ್ದು ಸುಮಾರು 10 ಮಂದಿಗೆ. ಈ ಪ್ರಮಾಣದ ಗುಳಿಗೆಗಳಿಂದ ಅಪಾಯ 1.3ರಿಂದ 2.3 ಪಟ್ಟಾಗಿತ್ತು. ಲೆಕ್ಕ ಕೆಡುವುದು ಬಿಪಿ, ತಂಬಾಕು ಜೊತೆಗೂಡಿದಾಗ.

ಮೊದಲ ಕೆಲಸ ಬಿಪಿ. ಬಸ್ ಇಳಿದು ಓಡಿಬಂದವರ ತೋಳಿಗೆ ಅಲ್ಲೇ ಪಟ್ಟಿ ಕಟ್ಟಿದರೆ ಸುಳ್ಳು ಅಂಕಿ ಬರುತ್ತದೆ. ಚಹಾ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿಟ್ಟು 5 ನಿಮಿಷ ಸುಮ್ಮನೆ ಕೂಡಿ. ರವಿಕೆ ತೋಳನ್ನು ಬಿಗಿಯಾಗಿ ಮೇಲೆ ಮಡಚಿದರೂ ಅಳತೆ ತಪ್ಪುತ್ತದೆ. ಸಡಿಲ ಬಟ್ಟೆ ಹಾಕಿಕೊಂಡು ಹೋಗಿ. ತೋಳು ಎದೆಯ ಮಟ್ಟದಲ್ಲಿರಲಿ, ಮಾತು ಬೇಡ. ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿಸಿ. 140/90 ಅಥವಾ ಹೆಚ್ಚು ಬರುತ್ತಲೇ ಇದ್ದರೆ ಎಸ್ಟ್ರೊಜೆನ್ ಗುಳಿಗೆ ಬೇಡ.

ಆಮೇಲೆ ತಂಬಾಕು. 35 ದಾಟಿ ಸೇದುವವರಿಗೆ ಈ ಗುಳಿಗೆ ಸಲ್ಲದು ಎನ್ನುತ್ತದೆ ನಿಯಮ. ‘ಸಿಗರೇಟು ಸೇದ್ತೀರೇನ್ರಿ?’ ಎಂದು ಕೇಳಿದರೆ ಹಾವೇರಿ, ಗದಗದ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ‘ಇಲ್ರೀ’ ಎನ್ನುತ್ತಾಳೆ. ಎಲೆ-ಅಡಿಕೆ ಜೊತೆಗಿನ ತಂಬಾಕು, ಹಲ್ಲಿಗೆ ತಿಕ್ಕುವ ಮಿಶ್ರಿ ಲೆಕ್ಕಕ್ಕೇ ಬರುವುದಿಲ್ಲ. ನಿಕೋಟಿನ್ ಅದರಲ್ಲೂ ಇದೆ, ಬಿಪಿ ಏರಿಸುತ್ತದೆ. ಕೇಳದಿದ್ದರೂ ಹೇಳಿ.

ಕಣ್ಣೆದುರು ಮಿಂಚಿನ ಗೆರೆಗಳು ಬಂದು ಅರೆತಲೆನೋವು ಶುರುವಾಗುವವರು, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು, 6 ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಸಹ ಮಾಲಾ-ಎನ್ ತಗೊಳ್ಳಬಾರದು. ಬದಲಿಗೆ ಕಾಪರ್-ಟಿ ಇದೆ. ಹಾರ್ಮೋನಿಲ್ಲದ ‘ಛಾಯಾ’ ಗುಳಿಗೆ ಇದೆ: ಮೊದಲ 3 ತಿಂಗಳು ವಾರಕ್ಕೆ 2, ಆಮೇಲೆ ವಾರಕ್ಕೆ 1.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಸಿದ್ಧಾರೂಢರ ಜಾತ್ರೆ, ಮನೆಯ ಮದುವೆ ಎಂದು ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತರುವ ನೋರೆಥಿಸ್ಟೆರಾನ್ 5 ಮಿಲಿಗ್ರಾಂ, ದಿನಕ್ಕೆ 3. ಅದರ ಸಣ್ಣ ಪಾಲು ದೇಹದೊಳಗೆ ಎಥಿನೈಲ್ ಎಸ್ಟ್ರಡಯಾಲ್ ಆಗುತ್ತದೆ. ಮಾಲಾ-ಎನ್ ತಗೊಳ್ಳಬಾರದವರು ಇದನ್ನೂ ಡಾಕ್ಟರನ್ನು ಕೇಳದೆ ನುಂಗಬಾರದು.

ಗುಳಿಗೆ ಹಿಡಿದು 3 ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಎದೆ ಬಿಗಿತ, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಉಬ್ಬಸ, ಕಾರಣವಿಲ್ಲದ ಸುಸ್ತು ಕಂಡರೆ ‘ಗ್ಯಾಸ್ ಆಗೇದ’ ಎಂದು ಸೋಡಾ ಕುಡಿಸುತ್ತಾ ಕೂಡಬೇಡಿ. 108ಕ್ಕೆ ಫೋನ್ ಮಾಡಿ. ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಹೊರಡುವಾಗ ಅರ್ಧ ಮುಗಿದ ಸ್ಟ್ರಿಪ್ಪನ್ನೂ ಚೀಲಕ್ಕೆ ಹಾಕಿಕೊಳ್ಳಿ.